ಶೇ. 85 ಮುಗಿದ ಮೇಲೆ ನಮ್ಮ ತರಗತಿಗೆ ಬರುವ ಮಕ್ಕಳು

‘ಅನುವಂಶೀಯತೆ ಮತ್ತು ಪರಿಸರ’ ಎಂಬುದು ನಮ್ಮ ಬಿ.ಇಡಿ. ಮನೋವಿಜ್ಞಾನದಲ್ಲಿ ಖಾಯಂ ಪ್ರಶ್ನೆ. ಅದರ ಉತ್ತರವೂ ಖಾಯಂ. ಮೊದಲು ಅನುವಂಶೀಯತೆಯ ಅರ್ಥ, ಆಮೇಲೆ ಪರಿಸರದ ಅರ್ಥ, ನಡುವೆ ವುಡ್‌ವರ್ತ್‌ನ ಆಯತದ ಚಿತ್ರ, ಕೊನೆಗೆ ‘ಎರಡೂ ಸಮಾನವಾಗಿ ಮುಖ್ಯ’ ಎಂಬ ಸಾಲು. ಇಷ್ಟು ಬರೆದರೆ ಅಂಕಕ್ಕೆ ಮೋಸವಿಲ್ಲ. ಆದರೆ ಈ ಉತ್ತರವನ್ನು ಬರೆದು ಬಂದ ನಾವು ಬೋಧನಾಭ್ಯಾಸಕ್ಕೆಂದು ಶಾಲೆಗೆ ಹೋದಾಗ ಸ್ಟಾಫ್ ರೂಮಿನಲ್ಲಿ ಕೇಳಿಸಿಕೊಳ್ಳುವುದು ಬೇರೆಯೇ. “ಇವನ ಅಣ್ಣನೂ ಹೀಗೇ ಇದ್ದ.” “ಆ ಮನೆಯವರ ತಲೆಗೆ ಗಣಿತ ಹತ್ತೋದಿಲ್ಲ.” “ಅಪ್ಪ ಅಮ್ಮ ಇಬ್ಬರೂ ಹೆಬ್ಬೆಟ್ಟು, ಇನ್ನು ಇವನೆಲ್ಲಿ ಓದ್ತಾನೆ?” ಎರಡೂ ಸಮಾನ ಎಂಬ ನಮ್ಮ ಉತ್ತರಕ್ಕೆ ಈ ಮಾತುಗಳನ್ನು ಎದುರಿಸುವ ಶಕ್ತಿ ಇಲ್ಲ.

ಇತ್ತೀಚೆಗೆ ಈ ಮಾತುಗಳಿಗೆ ವಿಜ್ಞಾನದ ಒಂದು ಅಂಗಿಯೂ ಸಿಕ್ಕಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ, ಮಗುವಿನ ಮಿದುಳಿನ ಬೆಳವಣಿಗೆಯ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷಕ್ಕೆ ಮೊದಲೇ ಆಗಿರುತ್ತದೆ ಎಂಬ ಮಾತು ಇದೆ. ನೀತಿಯಲ್ಲಿ ಅದು ಬರುವುದು ಎಳೆಯ ಮಕ್ಕಳ ಆರೈಕೆಗೆ, ಅಂಗನವಾಡಿಗಳಿಗೆ ಒತ್ತು ಕೊಡುವ ಸಲುವಾಗಿ. ಆ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ನಾನು ಅಭ್ಯಾಸ ಪಾಠ ಮಾಡಿದ ಪ್ರೌಢಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರು ಅದನ್ನು ನನಗೆ ಹೇಳಿದ್ದು ಹೀಗೆ: “ನೋಡಮ್ಮಾ, ಸರ್ಕಾರದ ನೀತಿಯಲ್ಲೇ ಬರೆದಿದ್ದಾರೆ. ಆರು ವರ್ಷದೊಳಗೆ ಎಲ್ಲಾ ಮುಗಿದಿರುತ್ತೆ. ಎಂಟನೇ ಕ್ಲಾಸಿಗೆ ಬಂದವರನ್ನ ಇಟ್ಕೊಂಡು ನಾವೇನು ಮಾಡೋಕಾಗುತ್ತೆ?” ಅವರು ಕೆಲಸಗಳ್ಳರಲ್ಲ. ಬೆಳಿಗ್ಗೆ ಎಂಟೂವರೆಗೇ ಬಂದು ವಿಶೇಷ ತರಗತಿ ತೆಗೆದುಕೊಳ್ಳುವವರು. ಅಂಥವರೇ ಹೀಗೆ ಹೇಳಿದಾಗ ನನಗೆ ಯೋಚನೆಗಿಟ್ಟುಕೊಂಡಿತು. ನಮ್ಮ ಹಿಂದಿನವರು ‘ಹಣೆಬರಹ’ ಎಂದದ್ದನ್ನು ನಾವು ಮೊದಲು ‘ಹುಟ್ಟುಗುಣ’ ಎಂದೆವು, ಆಮೇಲೆ ‘ಜೀನ್’ ಎಂದೆವು, ಈಗ ‘ಶೇ. 85’ ಎನ್ನುತ್ತಿದ್ದೇವೆ.

ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ತಳಿಶಾಸ್ತ್ರ ಓದಿ ಬಂದವಳಾಗಿ ನಾನು ಹೇಳಬಯಸುವುದು ಇಷ್ಟು. ವಂಶವಾಹಿ ಮತ್ತು ಅನುಭವ ಮಿದುಳನ್ನು ಹೇಗೆ ಕಟ್ಟುತ್ತವೆ ಎಂದು ಸರಿಯಾಗಿ ನೋಡಿದರೆ, ಪ್ರೌಢಶಾಲೆಯ ಶಿಕ್ಷಕರು ಕೈಚೆಲ್ಲಲು ಅಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ನಮ್ಮ ತರಬೇತಿ ಈ ವಿಷಯವನ್ನು ಕಲಿಸುವ ರೀತಿ ಮಾತ್ರ ಕೈಚೆಲ್ಲುವವರಿಗೆ ನೆರವಾಗುತ್ತಿದೆ.

ಶೇ. 85ರಲ್ಲಿ ನಿಜ ಎಷ್ಟು? ಆರು ವರ್ಷದ ಮಗುವಿನ ಮಿದುಳಿನ ಗಾತ್ರ ವಯಸ್ಕರ ಮಿದುಳಿನ ಗಾತ್ರದ ಸುಮಾರು ಶೇ. 90ರಷ್ಟಾಗಿರುತ್ತದೆ ಎಂಬುದು ಸರಿ. ಆದರೆ ಗೋಡೆ ಎದ್ದ ಮಾತ್ರಕ್ಕೆ ಮನೆಗೆ ವೈರಿಂಗ್ ಆಯಿತೆಂದಲ್ಲ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ಸಾವಿರಾರು ಬೇರೆ ನರಕೋಶಗಳೊಂದಿಗೆ ಕೂಡಿಕೊಂಡಿರುತ್ತದೆ. ಈ ಕೂಡಿಕೆಯ ಜಾಗಗಳೇ ಸಿನ್ಯಾಪ್ಸ್‌ಗಳು. ಪ್ರೋಟೀನ್ ತಯಾರಿಕೆಯ ಸೂಚನೆ ಹೊತ್ತ ವಂಶವಾಹಿಗಳಾದರೋ ನಮ್ಮಲ್ಲಿರುವುದು ಸುಮಾರು 20,000. ಇಷ್ಟೊಂದು ಕೂಡಿಕೆಗಳಲ್ಲಿ ಯಾವುದು ಎಲ್ಲಿ ಆಗಬೇಕೆಂದು ಒಂದೊಂದಾಗಿ ಬರೆದಿಡಲು ಅಷ್ಟು ವಂಶವಾಹಿಗಳಿಂದ ಆಗದು. ಅವು ಮಾಡುವುದು ಬೇರೆ ಕೆಲಸ. ಯಾವ ಪದರ ಎಲ್ಲಿರಬೇಕು, ಯಾವ ನರತಂತು ಸುಮಾರಾಗಿ ಯಾವ ದಿಕ್ಕಿಗೆ ಹೋಗಬೇಕು ಎಂಬ ನಕ್ಷೆ ಹಾಕಿ, ಬೇಕಾದ್ದಕ್ಕಿಂತ ಹೆಚ್ಚು ಕೂಡಿಕೆಗಳನ್ನು ಎಬ್ಬಿಸಿ ಬಿಡುತ್ತವೆ. ಅವುಗಳಲ್ಲಿ ಬಳಕೆಯಾದವು ಗಟ್ಟಿಯಾಗುತ್ತವೆ, ಆಗದವು ಕಳಚಿಕೊಳ್ಳುತ್ತವೆ. ಪೀಟರ್ ಹಟೆನ್‌ಲಾಕರ್ ಎಂಬ ನರವಿಜ್ಞಾನಿ ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳಿನ ತುಣುಕುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಸಿನ್ಯಾಪ್ಸ್‌ಗಳನ್ನು ಎಣಿಸಿದರು. ದೃಷ್ಟಿಯ ಭಾಗದಲ್ಲಿ ಅವುಗಳ ಸಂಖ್ಯೆ ಮೊದಲ ಹುಟ್ಟುಹಬ್ಬದ ಒಳಗೇ ಶಿಖರ ಮುಟ್ಟಿ ಆಮೇಲೆ ಇಳಿಯುತ್ತದೆ. ಯೋಜನೆ, ಸಂಯಮ, ತೀರ್ಮಾನಗಳಿಗೆ ಬೇಕಾದ ಹಣೆಯ ಹಿಂದಿನ ಭಾಗದಲ್ಲಿ ಈ ಕಳಚುವಿಕೆ ಹರೆಯದುದ್ದಕ್ಕೂ ನಡೆಯುತ್ತದೆ, ಅಲ್ಲಿನ ನರತಂತುಗಳಿಗೆ ಹೊದಿಕೆ ಬೆಳೆಯುವುದು ಇಪ್ಪತ್ತರ ನಂತರವೂ ಮುಂದುವರಿಯುತ್ತದೆ. ಅಂದರೆ ಎಂಟನೇ ತರಗತಿಯ ಹುಡುಗನ ಹಣೆಯ ಬರಹ ಇನ್ನೂ ಬರೆಯುತ್ತಾ ಇರುವ ಸ್ಥಿತಿಯಲ್ಲಿದೆ. (ನನ್ನದೂ ಈಗಷ್ಟೇ ಮುಗಿಯುತ್ತಿರಬೇಕು. ಪಾಠ ಯೋಜನೆಗಳನ್ನು ಕೊನೆಯ ರಾತ್ರಿ ಬರೆಯುವುದಕ್ಕೆ ಇದನ್ನು ಕಾರಣವಾಗಿ ಕೊಡಬಹುದೇನೋ.)

ಎಲ್ಲ ಅನುಭವಕ್ಕೂ ಒಂದೇ ಲೆಕ್ಕ ಇಲ್ಲ ಎಂಬುದನ್ನು ನಮ್ಮ ಪಠ್ಯ ಹೇಳುವುದೇ ಇಲ್ಲ. ವಿಲಿಯಂ ಗ್ರೀನೊ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಅನುಭವವನ್ನು ಎರಡು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು, ಮಿದುಳು ಕಾದು ಕುಳಿತಿರುವ ಅನುಭವ: ಬೆಳಕು, ಆಕಾರ, ಮಾತಿನ ಧ್ವನಿ. ಸಾಮಾನ್ಯವಾಗಿ ಪ್ರತಿ ಮಗುವಿಗೂ ಇವು ಸಿಕ್ಕೇ ಸಿಗುತ್ತವೆ ಎಂಬ ನಂಬಿಕೆಯ ಮೇಲೆ ವಂಶವಾಹಿಗಳ ನಕ್ಷೆ ನಿಂತಿದೆ. ಎರಡನೆಯದು, ಮಿದುಳು ಮೊದಲೇ ನಿರೀಕ್ಷಿಸದ, ಒಬ್ಬೊಬ್ಬರಿಗೂ ಬೇರೆಯಾದ ಅನುಭವ: ಈಜು, ತಬಲಾ, ಬೀಜಗಣಿತ, ಅಂಗಡಿಯ ಲೆಕ್ಕ. ಮೊದಲನೆಯದಕ್ಕೆ ಹಂಗಾಮು ಇದೆ. ಎರಡನೆಯದಕ್ಕೆ ಅಂಥ ಹಂಗಾಮು ಇಲ್ಲ, ಅದು ಬದುಕಿನುದ್ದಕ್ಕೂ ಮಿದುಳನ್ನು ತಿದ್ದುತ್ತಲೇ ಇರುತ್ತದೆ. ಶೇ. 85 ಎನ್ನುವವರು ಮೊದಲನೆಯದರ ನಿಯಮವನ್ನು ಎರಡನೆಯದಕ್ಕೂ ಹಚ್ಚುತ್ತಿದ್ದಾರೆ. ಶಾಲೆಯಲ್ಲಿ ನಾವು ಕಲಿಸುವುದು ಬಹುಮಟ್ಟಿಗೆ ಎರಡನೆಯ ಬಗೆಯದು.

ಹಂಗಾಮಿನ ಮಾತು ಸುಳ್ಳೆಂದು ನಾನು ಹೇಳುತ್ತಿಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು, ಆಮೇಲೆ ತೆರೆದರು. ಕಣ್ಣಿಗೆ ಯಾವ ದೋಷವೂ ಇರಲಿಲ್ಲ, ವಂಶವಾಹಿಗೂ ಇರಲಿಲ್ಲ. ಆದರೂ ಆ ಕಣ್ಣಿನಿಂದ ಮರಿಗೆ ಕಾಣಿಸಲಿಲ್ಲ, ಏಕೆಂದರೆ ಮಿದುಳಿನಲ್ಲಿ ಅದಕ್ಕೆ ಸೇರಬೇಕಿದ್ದ ಜಾಗವನ್ನು ತೆರೆದಿದ್ದ ಕಣ್ಣು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೆ ಹೀಗಾಗಲಿಲ್ಲ. 1981ರ ನೊಬೆಲ್ ಪ್ರಶಸ್ತಿಯಲ್ಲಿ ಇವರಿಬ್ಬರಿಗೂ ಪಾಲು ಬಂತು. ನಮ್ಮ ಮಕ್ಕಳಲ್ಲೂ ಇದರ ಒಂದು ರೂಪವಿದೆ. ಒಂದು ಕಣ್ಣಿಗೆ ಮಾತ್ರ ಪವರ್ ಹೆಚ್ಚಿದ್ದು ಯಾರೂ ಗಮನಿಸದಿದ್ದರೆ ಮಿದುಳು ಆ ಕಣ್ಣನ್ನು ನಿಧಾನವಾಗಿ ಕೈಬಿಡುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುವುದು. ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ.

ಆದರೆ ಹಂಗಾಮು ಮುಗಿದ ಕೂಡಲೇ ಬಾಗಿಲಿಗೆ ಬೀಗ ಬೀಳುತ್ತದೆ ಎಂಬುದನ್ನೂ ಪೂರ್ತಿ ನಂಬಬೇಕಾಗಿಲ್ಲ. ಪವನ್ ಸಿನ್ಹಾ ಅವರ ‘ಪ್ರಾಜೆಕ್ಟ್ ಪ್ರಕಾಶ್’ ಉತ್ತರ ಭಾರತದಲ್ಲಿ ಹುಟ್ಟಿನಿಂದಲೇ ಕಣ್ಣಿನ ಪೊರೆಯಿದ್ದ ಮಕ್ಕಳನ್ನು ಹುಡುಕಿ ಶಸ್ತ್ರಚಿಕಿತ್ಸೆ ಮಾಡಿಸಿತು. ಅವರಲ್ಲಿ ಹಲವರು ಎಂಟು ವರ್ಷ ದಾಟಿದವರು, ಕೆಲವರು ಹರೆಯದವರು. ಹಳೆಯ ಪುಸ್ತಕದ ಪ್ರಕಾರ ಅವರಿಗೆ ನೋಡಲು ಕಲಿಯುವುದು ಆಗಬಾರದಿತ್ತು. ದೃಷ್ಟಿ ಪೂರ್ತಿ ಚುರುಕಾಗಲಿಲ್ಲ, ನಿಜ. ಆದರೆ ತಿಂಗಳುಗಳು ಕಳೆದಂತೆ ಅವರು ವಸ್ತುಗಳನ್ನು ಬೇರ್ಪಡಿಸಿ ನೋಡಲು ಕಲಿತರು. ಕಣ್ಣಿನ ವಿಷಯದಲ್ಲೇ ಹೀಗಿರುವಾಗ ಭಿನ್ನರಾಶಿಗೆ ಹಂಗಾಮು ಮುಗಿಯಿತೆನ್ನಲು ನಾವು ಯಾರು?

ಮಾತಿನ ವಿಷಯಕ್ಕೆ ಬಂದರೆ ಕನ್ನಡದವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಪ್ರಯೋಗವಿದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಬಹುಪಾಲು ಶಿಶುಗಳಿಗೆ ಆ ಸಾಮರ್ಥ್ಯ ಇಳಿದುಹೋಗಿತ್ತು. ಯಾವ ಭಾಷೆಯನ್ನಾದರೂ ಹಿಡಿಯಬಲ್ಲ ಕಿವಿಯನ್ನು ಹುಟ್ಟು ಕೊಡುತ್ತದೆ, ಮನೆಯ ಮಾತು ಅದನ್ನು ಒಂದು ಭಾಷೆಗೆ ಹದಗೊಳಿಸುತ್ತದೆ. ಹಾಗಾಗಿ ಮಂಡ್ಯ, ಮೈಸೂರು ಕಡೆಯ ಹಳ್ಳಿಯ ಮಗು ‘ಹಾಲು’ ಎನ್ನಲು ‘ಆಲು’ ಎಂದರೆ ಅದರ ಮಿದುಳು ತನ್ನ ಮನೆಯವರ ಕನ್ನಡವನ್ನು ತಪ್ಪಿಲ್ಲದೆ ಕಲಿತಿದೆ ಎಂದರ್ಥ. ಪಠ್ಯದ ಕನ್ನಡ ಅದಕ್ಕೆ ಎರಡನೆಯ ಕಲಿಕೆ. ಕಲಿಸಬೇಕು, ಖಂಡಿತ. ತರಗತಿಯ ಮುಂದೆ ನಿಲ್ಲಿಸಿ ನಗಿಸುವುದು ಕಲಿಸುವ ವಿಧಾನವಲ್ಲ.

ಈಗ ಓದಿನ ವಿಷಯ. ನನ್ನ ಪ್ರಕಾರ ಶಿಕ್ಷಕರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದೇ. ಲಿಪಿ ಹುಟ್ಟಿ ಐದು ಸಾವಿರ ವರ್ಷ ಚಿಲ್ಲರೆ ಆಗಿದೆ. ಅಕ್ಷರಕ್ಕೆಂದೇ ಮಿದುಳಿನಲ್ಲಿ ಒಂದು ಭಾಗ ವಿಕಾಸವಾಗಲು ಅಷ್ಟು ಕಾಲ ಸಾಲದು. ಅದಲ್ಲದೆ ತೀರಾ ಇತ್ತೀಚಿನವರೆಗೆ ಮನುಷ್ಯರಲ್ಲಿ ಬಹುಪಾಲು ಜನ ಓದಿದವರೇ ಅಲ್ಲ. ಆದರೂ ಓದು ಬಲ್ಲವರೆಲ್ಲರ ಮಿದುಳಿನಲ್ಲಿ, ಹೆಚ್ಚಾಗಿ ಎಡಭಾಗದ ತಳದಲ್ಲಿ, ಅಕ್ಷರಗಳಿಗೆ ಸ್ಪಂದಿಸುವ ಒಂದು ಜಾಗ ಇರುತ್ತದೆ. ಸ್ಟಾನಿಸ್ಲಾಸ್ ದೆಹೇನ್ ಮತ್ತು ಇತರರು ತೋರಿಸಿರುವಂತೆ, ಮುಖ ಮತ್ತು ವಸ್ತುಗಳನ್ನು ಗುರುತಿಸುತ್ತಿದ್ದ ಜಾಗದಲ್ಲೇ ಅಕ್ಷರಾಭ್ಯಾಸ ತನಗೆ ಎಡೆ ಮಾಡಿಕೊಳ್ಳುತ್ತದೆ. ಅಂದರೆ ಓದುವ ಮಿದುಳನ್ನು ಯಾರೂ ಹುಟ್ಟಿನಿಂದ ತರುವುದಿಲ್ಲ. ಪಂಡಿತರ ಮಗುವೂ ತರುವುದಿಲ್ಲ. ಅದನ್ನು ಕಟ್ಟುವುದು ಮೇಷ್ಟ್ರು.

ಯಾವ ವಯಸ್ಸಿನವರೆಗೆ ಕಟ್ಟಬಹುದು? 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲಖನೌ ಬಳಿಯ ಹಳ್ಳಿಗಳಲ್ಲಿ ನಡೆದದ್ದು. ಶಾಲೆಯ ಮುಖ ನೋಡದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಓದು ಬರಹ ಕಲಿಸಿ, ಮೊದಲು ಮತ್ತು ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಿದರು. ಆರೇ ತಿಂಗಳಲ್ಲಿ ಬದಲಾವಣೆ ಕಂಡಿತು. ಅದೂ ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ, ಒಳಗಿನ ಥಲಾಮಸ್ ಮತ್ತು ಮಿದುಳಿನ ಕಾಂಡದ ಕೆಲವು ಭಾಗಗಳು ಹೊರಪದರದೊಂದಿಗೆ ಹೊಂದಿಕೊಂಡು ಕೆಲಸ ಮಾಡುವ ರೀತಿಯಲ್ಲೂ. ಮೂವತ್ತರ ಆಸುಪಾಸಿನ ಹಳ್ಳಿಯ ಹೆಂಗಸರಿಗೆ ಸಾಧ್ಯವಾದದ್ದು ಹದಿಮೂರರ ಹುಡುಗನಿಗೆ ತಡವಾಯಿತೆನ್ನುವುದು ವಿಚಿತ್ರ.

ಇದಕ್ಕೆ ಕನ್ನಡದ್ದೇ ಒಂದು ಮುಖವಿದೆ. ಇಂಗ್ಲಿಷ್ ಕಲಿಯುವ ಮಗುವಿಗೆ 26 ಅಕ್ಷರ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು ರೂಪ. ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುವುದು ಕಂಡಿತು. ಆದರೆ ನಮ್ಮ ವ್ಯವಸ್ಥೆ ಒಂದನೇ, ಎರಡನೇ ತರಗತಿಗೇ ಅಕ್ಷರ ಮುಗಿಯಿತೆಂದು ತಿಳಿದು ಮುಂದೆ ಹೋಗುತ್ತದೆ. ಅಲ್ಲಿ ಉಳಿದುಹೋದ ಒತ್ತಕ್ಷರವನ್ನು ಆಮೇಲೆ ಯಾರೂ ಕಲಿಸುವುದಿಲ್ಲ.

ನಾನು ಎಂಟನೇ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುವಾಗ ಒಬ್ಬ ಹುಡುಗ ‘ಸ್ಥಿರೀಕರಣ’ ಎಂಬ ಪದದ ಮುಂದೆ ನಿಂತುಬಿಟ್ಟ. ಮೊದಲ ಅಕ್ಷರವೇ ದಾಟಲಿಲ್ಲ. “ಅವನನ್ನ ಬಿಡಿ ಮಿಸ್, ಅವನಿಗೆ ಬರಲ್ಲ” ಎಂದು ಇಡೀ ತರಗತಿ ನನಗೆ ಹೇಳಿತು. ಅದೇ ಹುಡುಗ, ಚಳಿಗಾಲದಲ್ಲಿ ಹಾಲು ಯಾಕೆ ಬೇಗ ಹೆಪ್ಪಾಗುವುದಿಲ್ಲ ಎಂದು ಕೇಳಿದಾಗ, ತನ್ನವ್ವ ಹೆಪ್ಪು ಹಾಕಿದ ಪಾತ್ರೆಯನ್ನು ಒಲೆಯ ಪಕ್ಕ ಇಡುವುದನ್ನೂ ಹಾಲು ಕುದಿಯುತ್ತಿರುವಾಗಲೇ ಮಜ್ಜಿಗೆ ಬಿಟ್ಟರೆ ಹೆಪ್ಪು ಕೆಡುವುದನ್ನೂ ಹೇಳಿ, “ಬಿಸಿ ಜಾಸ್ತಿಯಾದ್ರೆ ಆ ಹುಳ ಸತ್ತೋಗ್ತವೆ, ತಣ್ಣಗಾದ್ರೆ ಮಲಗ್ತವೆ ಮಿಸ್” ಎಂದ. ಬ್ಯಾಕ್ಟೀರಿಯಾ ಮತ್ತು ಉಷ್ಣತೆಯ ಸಂಬಂಧ ಇದಕ್ಕಿಂತ ಚೆನ್ನಾಗಿ ಪಾಠದಲ್ಲಿಲ್ಲ. ವಿಜ್ಞಾನದ ತಲೆ ಅವನಿಗೆ ಇತ್ತು. ಇಲ್ಲದ್ದು ‘ಸ್ಥ’. ನಮ್ಮ ಕಿರುಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಅಂಕಪಟ್ಟಿ.

ಹಾಗಾದರೆ ವಂಶವಾಹಿಗೆ ಪಾತ್ರವೇ ಇಲ್ಲವೇ? ಇದೆ, ಸಣ್ಣದೂ ಅಲ್ಲ. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ತದ್ರೂಪಿ ಅವಳಿಗಳು ಸಾಮಾನ್ಯ ಅವಳಿಗಳಿಗಿಂತ ಹೆಚ್ಚು ಹೋಲುತ್ತಾರೆ, ಓದಿನ ತೊಡಕಾದ ಡಿಸ್ಲೆಕ್ಸಿಯಾ ಕುಟುಂಬಗಳಲ್ಲಿ ಹರಿದುಬರುತ್ತದೆ. ಆದರೆ ಅನುವಂಶೀಯತೆಯ ಶೇಕಡಾವಾರು ಎಂಬುದು ಒಂದು ಜನಸಮೂಹದೊಳಗಿನ ವ್ಯತ್ಯಾಸದ ಲೆಕ್ಕ, ಒಂದು ಮಗುವಿನ ಲೆಕ್ಕವಲ್ಲ. ರಿಚರ್ಡ್ ಲೆವಾಂಟಿನ್ ಕೊಟ್ಟ ಹೋಲಿಕೆ ರೈತರ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಒಂದೇ ಚೀಲದ ಬೆರಕೆ ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಗೊಬ್ಬರದ ಹೊಲಕ್ಕೂ ಇನ್ನೊಂದನ್ನು ಬರಡು ಹೊಲಕ್ಕೂ ಬಿತ್ತಿ. ಒಂದೇ ಹೊಲದೊಳಗೆ ಪೈರುಗಳ ಎತ್ತರ ಬೇರೆ ಬೇರೆಯಾದರೆ ಅದು ಬೀಜದ ಗುಣ. ಎರಡು ಹೊಲಗಳ ನಡುವಿನ ಅಂತರ ಮಣ್ಣಿನದು. ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು 2003ರಲ್ಲಿ ಅಮೆರಿಕದ ಏಳು ವರ್ಷದ ಅವಳಿಗಳ ಅಂಕಗಳನ್ನು ನೋಡಿದಾಗ, ಅನುಕೂಲಸ್ಥರ ಮನೆಗಳಲ್ಲಿ ವಂಶವಾಹಿಯ ಪಾಲು ದೊಡ್ಡದಾಗಿಯೂ ಬಡವರ ಮನೆಗಳಲ್ಲಿ ಬಹಳ ಚಿಕ್ಕದಾಗಿಯೂ ಕಂಡಿತು. ಬರಡು ಹೊಲದಲ್ಲಿ ಒಳ್ಳೆಯ ಬೀಜವೂ ತನ್ನ ಗುಣ ತೋರಿಸಲಾರದು.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಆಳದ್ದು. ವಂಶದಿಂದ ಬಂದದ್ದು ಬದಲಾಗದು, ಪರಿಸರದಿಂದ ಬಂದದ್ದು ಬದಲಾದೀತು ಎಂದು ನಾವೆಲ್ಲ ಸುಮ್ಮನೆ ಒಪ್ಪಿಕೊಂಡಿದ್ದೇವೆ. ಫೀನೈಲ್‌ಕೀಟೋನೂರಿಯ ಅಪ್ಪಟ ವಂಶವಾಹಿ ದೋಷ. ಆಹಾರದಲ್ಲಿನ ಫೀನೈಲ್‌ಅಲನಿನ್ ಎಂಬ ಅಮೈನೋ ಆಮ್ಲವನ್ನು ಅರಗಿಸಲಾಗದೆ ಮಿದುಳು ಕೆಡುತ್ತದೆ. ಆದರೆ ಹುಟ್ಟಿದ ಕೆಲದಿನಗಳಲ್ಲೇ ಹಿಮ್ಮಡಿಯ ರಕ್ತ ಪರೀಕ್ಷಿಸಿ ಪಥ್ಯ ಶುರುಮಾಡಿದರೆ ಮಗು ಎಲ್ಲರಂತೆ ಓದಿ ಬೆಳೆಯುತ್ತದೆ. ವಂಶವಾಹಿ ಬದಲಾಗಿಲ್ಲ, ಊಟ ಬದಲಾಗಿದೆ. ಅಯೋಡಿನ್ ಕೊರತೆ ಅಪ್ಪಟ ಪರಿಸರದ ದೋಷ, ಮಣ್ಣಿನಲ್ಲಿ ಇಲ್ಲದ್ದು. ಆದರೆ ಗರ್ಭಿಣಿಗೆ ಅದು ತೀವ್ರವಾಗಿ ಕಡಿಮೆಯಾದರೆ ಮಗುವಿನ ಮಿದುಳಿಗೆ ಆಗುವ ಹಾನಿಯನ್ನು ಆಮೇಲೆ ಸರಿಪಡಿಸಲಾಗದು. ನಮ್ಮ ದೇಶ 1962ರಲ್ಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಉಪ್ಪಿಗೆ ಅಯೋಡಿನ್ ಸೇರಿಸತೊಡಗಿದ್ದು ಕಾಣುವ ಗಂಟಲಿನ ಗಡ್ಡೆಗೆ ಔಷಧಿಯಾಗಿ. ಅದು ಕಾಣದ ಮಿದುಳನ್ನೂ ಉಳಿಸಿತು. ಹುಟ್ಟುಕಿವುಡಿನ ವಿಷಯದಲ್ಲಿ ಎರಡೂ ಕೂಡುತ್ತವೆ. ಸೋದರ ಸಂಬಂಧದ ಮದುವೆಗಳಿರುವ ನಮ್ಮ ಕಡೆ ಅದಕ್ಕೆ ಅನೇಕ ವೇಳೆ ಕಾರಣ ವಂಶವಾಹಿಯೇ. ಆದರೆ ಮಗುವಿನ ಭಾಷೆ ಬೆಳೆಯದೆ ಹೋಗುವುದು ಭಾಷೆಯ ಅನುಭವ ಸಿಗದೆ. ಬೇಗ ಪತ್ತೆಮಾಡಿ ಶ್ರವಣ ಸಾಧನವನ್ನೋ ಸನ್ನೆ ಭಾಷೆಯನ್ನೋ ಕೊಟ್ಟರೆ ಮಾತಿಗೆ ಕಾದಿದ್ದ ಮಿದುಳು ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಇದೇ.

ಎಲ್ಲವನ್ನೂ ಪರಿಸರದ ಮೇಲೆ ಹಾಕುವವರೂ ಕಡಿಮೆ ಅನಾಹುತ ಮಾಡಿಲ್ಲ. ಆಟಿಸಂಗೆ ತಾಯಿಯ ಪ್ರೀತಿ ಇಲ್ಲದ್ದೇ ಕಾರಣ ಎಂದು ಬ್ರೂನೊ ಬೆಟಲ್‌ಹೈಮ್‌ರಂಥವರು ಹೇಳಿದ್ದರಿಂದ ಒಂದು ತಲೆಮಾರಿನ ತಾಯಂದಿರು ಅಪರಾಧಿಗಳಂತೆ ಬದುಕಿದರು. 1977ರ ಅವಳಿಗಳ ಅಧ್ಯಯನ ಅದರಲ್ಲಿ ವಂಶವಾಹಿಯ ಪಾಲು ದೊಡ್ಡದೆಂದು ತೋರಿಸಿ ಆ ತಾಯಂದಿರನ್ನು ಬಿಡಿಸಿತು. ನಮ್ಮ ಪೋಷಕರ ಸಭೆಗಳಲ್ಲಿ ಇನ್ನೂ “ನೀವು ಮನೇಲಿ ಗಮನ ಕೊಡಲ್ಲ” ಎಂಬ ಮಾತು ತಾಯಿಯ ಕಡೆಗೇ ಹೋಗುತ್ತದೆ. ಇನ್ನೊಂದು ಕಡೆ, ಮಿಡ್‌ಬ್ರೇನ್ ಆ್ಯಕ್ಟಿವೇಷನ್ ಎಂದು ಹೇಳಿ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವವರು ಸಾವಿರಾರು ರೂಪಾಯಿ ವಸೂಲು ಮಾಡಿದರು. ಮಂಗಳೂರಿನ ನರೇಂದ್ರ ನಾಯಕ್ ಬಹಿರಂಗವಾಗಿ ಸವಾಲು ಹಾಕಬೇಕಾಯಿತು. ಮಿದುಳು ಎಂಬ ಪದ ಇದ್ದರೆ ಸಾಕು, ವಿಜ್ಞಾನದ ಪದವೀಧರರೂ ನಂಬುತ್ತಾರೆ.

ಇನ್ನು ನಮ್ಮ ಮನೆಯ ವಿಷಯ. ನಾವು ಪ್ರತಿಯೊಬ್ಬರೂ ಒಂದು ಪ್ರಕರಣ ಅಧ್ಯಯನ ಬರೆಯುತ್ತೇವೆ. ಅದರ ನಮೂನೆಯಲ್ಲಿ ‘ಹಿಂದುಳಿಯುವಿಕೆಗೆ ಕಾರಣಗಳು’ ಎಂಬ ಶೀರ್ಷಿಕೆಯ ಕೆಳಗೆ ‘ಅನುವಂಶೀಯ’ ಎಂಬ ಅಂಕಣವಿದೆ. ನಾನು ನೋಡಿದ ಹಲವು ದಾಖಲೆಗಳಲ್ಲಿ ಅಲ್ಲಿ ತುಂಬಿರುವುದು ‘ತಂದೆ ತಾಯಿ ಅನಕ್ಷರಸ್ಥರು’ ಎಂದು. ಅಪ್ಪನ ಸಾಲವೂ ಮಗನಿಗೆ ಬರುತ್ತದೆ, ಅದನ್ನು ಯಾರೂ ಅನುವಂಶೀಯ ಎನ್ನುವುದಿಲ್ಲ. ಅನಕ್ಷರತೆ ಯಾವ ವರ್ಣತಂತುವಿನಲ್ಲಿದೆ? ಒಂದು ಮಗುವಿನ ವಂಶವಾಹಿಯ ಬಗ್ಗೆ ತೀರ್ಪು ಕೊಡುವ ಸಾಧನ ಪ್ರಶಿಕ್ಷಣಾರ್ಥಿಯ ಕೈಯಲ್ಲಿಲ್ಲ, ಮಾರ್ಗದರ್ಶಕರ ಕೈಯಲ್ಲೂ ಇಲ್ಲ. ಇಲ್ಲದ ಸಾಧನದ ಫಲಿತಾಂಶಕ್ಕೆ ಅಂಕಣವೇಕೆ? ಅದನ್ನು ತೆಗೆದುಹಾಕಬೇಕೆಂದು ನಮ್ಮ ಗುರುಗಳಲ್ಲಿ ನನ್ನ ವಿನಂತಿ.

ಆ ಜಾಗದಲ್ಲಿ ನಾವು ನೋಡಬಲ್ಲದ್ದನ್ನು ಬರೆಸಲಿ. ಹಿಂದಿನ ಬೆಂಚಿನಿಂದ ಒಂದೊಂದೇ ಕಣ್ಣು ಮುಚ್ಚಿಸಿ ಬೋರ್ಡ್ ಓದಿಸಿದಾಗ ಏನಾಯಿತು, ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದ್ದು ಕೇಳಿಸಿತೇ, ಐದನೇ ತರಗತಿಯ ಒಂದು ಪ್ಯಾರಾ ಓದಿಸಿದಾಗ ಯಾವ ಒತ್ತಕ್ಷರದಲ್ಲಿ ನಿಂತ, ಓದಲಾಗದ್ದನ್ನು ಬಾಯಲ್ಲಿ ಹೇಳಿದರೆ ಅರ್ಥವಾಯಿತೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಕಣ್ಣು, ಕಿವಿ ನೋಡುತ್ತದೆ. ತಂಡ ಬಂದ ದಿನ ಈ ಮಗು ಹಾಜರಿತ್ತೇ ಎಂದು ಹಾಜರಿ ಪುಸ್ತಕ ನೋಡಿ ಬರೆಯುವುದು ಐದು ನಿಮಿಷದ ಕೆಲಸ. ಅಂತಿಮ ಪಾಠದ ದಿನ ಉತ್ತರ ಹೇಳುವ ಮಕ್ಕಳನ್ನು ಮುಂದಿನ ಸಾಲಿಗೆ ತರುವ ನಮ್ಮ ಹಳೆಯ ಏರ್ಪಾಡನ್ನು ಪರೀಕ್ಷಕರು ಕಂಡೂ ಕಾಣದಂತೆ ಇರುವುದನ್ನು ಬಿಟ್ಟು, ಹಿಂದಿನ ಸಾಲಿನ ಒಬ್ಬರಿಗೆ ಒಂದು ಪ್ರಶ್ನೆ ಕೇಳಲಿ. ಅಂಕವನ್ನು ಅದಕ್ಕೇ ಇಡಲಿ. ಮುಂದಿನ ತಂಡದ ದಾಖಲೆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಇಷ್ಟನ್ನು ತಿದ್ದಲು ಸಮಯವಿದೆ. ಹೊಸ ನಮೂನೆಯ ಒಂದು ಕರಡನ್ನು ನಾನು ಮತ್ತು ಜೀವಶಾಸ್ತ್ರ ಬೋಧನಾ ವಿಧಾನದ ಇಬ್ಬರು ಗೆಳತಿಯರು ತಯಾರಿಸಿದ್ದೇವೆ, ಕೇಳಿದವರಿಗೆ ಕೊಡುತ್ತೇವೆ.